ಕೆಂಪು ಕಾರಿನಿಂದ ವರದಮ್ಮ ಇಳಿಯಲಿಲ್ಲ

ಶಿವಶಂಕರ ಅವತ್ತು ಹಾರನ್ ಒತ್ತದೆ ಸುಮ್ಮನೆ ಬಾಗಿಲು ತಟ್ಟಿದ್ದರೆ, ಡ್ರಾಯಿಂಗ್ ಮೇಷ್ಟ್ರು ಸಂಗಮೇಶ ಇವತ್ತು ಕೆಂಪು ಕಾರಿನಲ್ಲಿ ಓಡಾಡಿಕೊಂಡಿರುತ್ತಿದ್ದ. ಆದರೆ ಕಾರು ಮಾರುವವನ ಕೈ ಹಾರನ್ನಿಗೆ ಹೋಗದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ಶಿಕಾರಿಪುರದ ಆ ಬೀದಿ ಇನ್ನೂ ದೋಸೆ ಹಂಚಿನ ಮುಂದೆ ಇದ್ದಾಗ, ಅವನು ಎರಡು ಸಲ ಒತ್ತಿದ. ಮೂರನೆಯ ಸಲ ಒತ್ತುವ ಅಗತ್ಯ ಬೀಳಲಿಲ್ಲ. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು, ಸಂಗಮೇಶನದೊಂದನ್ನು ಬಿಟ್ಟು. ಅವನು ಒಳಗೆ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಪಾಪ, ಅವನು ಈ ಟೆಸ್ಟ್ ಡ್ರೈವನ್ನು ಯಾರಿಗೂ ಗೊತ್ತಾಗದ ಹಾಗೆ ಮುಗಿಸಬೇಕೆಂದಿದ್ದ. ಮೂವತ್ತಾರು ವರ್ಷದ ಜೀವನದಲ್ಲಿ ಅವನದು ಅಂತ ಅವನೇ ಆರಿಸಿಕೊಂಡ ವಸ್ತು ಒಂದೂ ಇರಲಿಲ್ಲ. ಕೆಲಸ ಅಪ್ಪ ಆರಿಸಿದ್ದು, ಹೆಂಡತಿ ಸೋದರತ್ತೆ ಆರಿಸಿದ್ದು, ಮಗಳ ಹೆಸರು ಜೋಯಿಸರು ಆರಿಸಿದ್ದು. ಮನೆಯ ಕಿಟಕಿ ಪರದೆಯನ್ನು ಕೂಡ ಎದುರುಮನೆಯವರು ಆರಿಸಿದ್ದರು, ದಿನಾ ನೋಡುವವರು ನಾವು ತಾನೇ ಎಂದು. ಈ ಕಾರೊಂದನ್ನಾದರೂ ತಾನೇ ಆರಿಸಬೇಕು ಎಂಬುದು ಅವನ ಎರಡು ವರ್ಷದ ಹಟ. ಅದು ನಿಂತಾಗಲೂ ಓಡುತ್ತಿರುವ ಹಾಗೆ ಕಾಣಬೇಕು. ಹಿಂದಿನ ಡಿಕ್ಕಿಯವರೆಗೆ ಒಂದೇ ಗೆರೆ ಇಳಿದು ಬರಬೇಕು, ಕೈ ಎತ್ತದೆ ಎಳೆದ ಗೆರೆಯ ಹಾಗೆ. ಬಣ್ಣ ಕೆಂಪೇ ಆಗಬೇಕು.

ಹೆಂಡತಿ ಗಂಗಾಶ್ರೀಗೆ ಗೆರೆಯ ಚಿಂತೆ ಇರಲಿಲ್ಲ. ಹಿಂದೆ ಮೂರು ವರ್ಷದ ಮಗಳ ಸೀಟು ಕೂರಬೇಕು, ಡಿಕ್ಕಿಯಲ್ಲಿ ಅಕ್ಕಿ ಮೂಟೆಯೂ ಮಗಳ ಮೂರು ಚಕ್ರದ ಸೈಕಲ್ಲೂ ಒಟ್ಟಿಗೆ ಹಿಡಿಸಬೇಕು. ಇದಿಷ್ಟು ಆದಮೇಲೆ ಕೊನೆಯದಾಗಿ ಒಂದು ಷರತ್ತು.

"ಸೊರಬಕ್ಕೆ ತಗೊಂಡ್ಹೋಗಿ ಅಪ್ಪಾಜಿಗೆ ತೋರಿಸ್ರಿ. ಅವ್ರು ಹ್ಞೂಂ ಅಂದ್ರೆ ಇವತ್ತೇ ಬುಕ್ ಮಾಡೋಣ. ಇಲ್ಲಾಂದ್ರೆ ಈ ಕಾರಿನ ಸುದ್ದಿ ಇನ್ಮೇಲೆ ಮನೇಲಿ ಬರಬಾರದು."

ಅಪ್ಪಾಜಿ ಎಂದರೆ ಸೊರಬದ ಗೊಬ್ಬರದ ಅಂಗಡಿ ಚಂದ್ರಶೇಖರಪ್ಪ. ಮದುವೆಯಾಗಿ ಏಳು ವರ್ಷವಾದರೂ ಅಳಿಯನನ್ನು ನೋಡಿ ಅವರು ಒಮ್ಮೆಯೂ ನಕ್ಕಿರಲಿಲ್ಲ. ಚಿತ್ರ ಬರೆಸುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂಬುದನ್ನು ಅವರು ಇನ್ನೂ ಪೂರ್ತಿ ನಂಬಿರಲಿಲ್ಲ.

ಸಂಗಮೇಶ ಹೊರಗೆ ಬರುವಷ್ಟರಲ್ಲಿ ಕಾರಿನ ಸುತ್ತ ಸಭೆ ಸೇರಿತ್ತು. ಶಿವಶಂಕರ ಟೈ ಸರಿಮಾಡಿಕೊಳ್ಳುತ್ತ, "ಸ್ಪೋರ್ಟಿನೂ ಹೌದು ಸರ್, ಫ್ಯಾಮಿಲಿನೂ ಹೌದು. ಈ ಕೆಂಪು ಶಿವಮೊಗ್ಗದ ನಮ್ಮ ಶೋರೂಮಲ್ಲಿ ಒಂದೇ ಒಂದು ಉಳಿದಿದೆ. ಹೋದ್ರೆ ಇನ್ನು ಆರು ತಿಂಗಳು," ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಯಾವ ಪ್ರಶ್ನೆಗೂ ಇಲ್ಲ ಎನ್ನಬಾರದು ಎಂದು ಕಂಪನಿ ಅವನಿಗೆ ಮೂರು ದಿನ ತರಬೇತಿ ಕೊಟ್ಟಿತ್ತು.

ಪಕ್ಕದ ಮನೆಯ ಪಂಚಾಕ್ಷರಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ಕಾರಿನೊಳಗೆ ತಲೆ ತೂರಿಸಿ ಸೀಟು ಎಣಿಸಿದರು.

"ಐದು ಸೀಟು ಅಂತಾರೆ. ಎಂಟು ಜನ ಹಿಡಿಸ್ತೀನಿ ನೋಡ್ರಿ ನಾನು."

"ಆಗುತ್ತೆ ಸರ್," ಎಂದ ಶಿವಶಂಕರ.

ಅಷ್ಟರಲ್ಲಿ ಎದುರುಮನೆಯ ವರದಮ್ಮ ಬಂದರು. ಎಪ್ಪತ್ತು ವರ್ಷ, ತುಂಬಿದ ಮೈ, ಎರಡೂ ಮಂಡಿ ಮುಷ್ಕರ ಹೂಡಿ ಐದು ವರ್ಷವಾಗಿತ್ತು. ಗುಡಿಯಿಂದ ಆಗಷ್ಟೇ ಬಂದಿದ್ದರಿಂದ ರೇಷ್ಮೆ ಸೀರೆ ಮೈಮೇಲಿತ್ತು. "ಮೆತ್ತಗೈತೇನೋ ಸಂಗಮೇಶ? ಒಂದ್ಸಲ ಕುಂತು ನೋಡ್ತೀನಿ ತಡಿ," ಎಂದವರು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಕೂತರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು. ಸ್ಪೋರ್ಟಿ ಕಾರು ನೆಲಕ್ಕೆ ಅಂಟಿಕೊಂಡಿರುತ್ತದೆ. ಒಳಗೆ ಹೋಗುವುದು ಬಾವಿಗೆ ಬಿದ್ದಷ್ಟೇ ಸುಲಭ.

ಏಳುವುದಕ್ಕೆ ಆಗಲಿಲ್ಲ. ಸಂಗಮೇಶ ಬಲಗೈ ಎಳೆದ, ಪಂಚಾಕ್ಷರಪ್ಪ ಎಡಗೈ ಎಳೆದರು, ಶಿವಶಂಕರ ಇನ್ನೊಂದು ಬಾಗಿಲಿನಿಂದ ಬೆನ್ನಿಗೆ ಕೈ ಕೊಟ್ಟ.

"ಬಿಡ್ರೋ, ತೋಳು ಕಿತ್ತು ಬರ್ತೈತಿ!" ಎಂದು ವರದಮ್ಮ ಕೂಗಿದರು. ಉಸಿರು ಹತೋಟಿಗೆ ಬಂದಮೇಲೆ ಸುತ್ತ ನೋಡಿ, "ತಂಪಾಗೈತಿ. ಎಲ್ಲಿಗೆ ಹೊಂಟೀರಿ ನೀವು?"

"ಸೊರಬಕ್ಕೆ, ಮಾವನ ಮನೆಗೆ."

"ಹಂಗಾರೆ ನಾನೂ ಬಂದೆ. ಅಲ್ಲಿ ಯಾರಾದ್ರೂ ಇಳಿಸ್ತಾರೆ."

ಹೆಣ್ಣುಮಕ್ಕಳು ಒಬ್ಬರೇ ಹೋಗಬಾರದೆಂದು ಪಂಚಾಕ್ಷರಪ್ಪನವರೂ ಬಿಳಿ ಪಂಚೆ ಉಟ್ಟು ಹತ್ತಿದರು. ಗಂಗಾಶ್ರೀ, ಮಗಳು, ಸಂಗಮೇಶ ಎಲ್ಲ ಜೊತೆಗಿದ್ದದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಟೆಸ್ಟ್ ಡ್ರೈವ್ ಎಂದರೆ ಹತ್ತು ಕಿಲೋಮೀಟರ್ ಮಾತ್ರ ಎಂಬ ಮಾತು ಶಿವಶಂಕರನ ಗಂಟಲವರೆಗೆ ಬಂತು. ಅದು ಇಲ್ಲ ಎಂದಹಾಗೆ ಆಗುತ್ತದಲ್ಲ ಎಂದು ನುಂಗಿಕೊಂಡ.

ಹೊಸ ಗಾಡಿ ಬೋಳಾಗಿ ಹೋಗಬಾರದು ಎಂದು ಪಂಚಾಕ್ಷರಪ್ಪ ಬಸ್‌ಸ್ಟ್ಯಾಂಡ್ ಹತ್ತಿರ ಸೇವಂತಿಗೆ ಹಾರ ಕೊಂಡು ಬಾನೆಟ್ಟಿಗೆ ಕಟ್ಟಿಸಿದರು. ಇದು ಇನ್ನೂ ಕಂಪನಿಯ ಗಾಡಿ ಎಂದು ಸಂಗಮೇಶ ಹೇಳಿದ್ದಕ್ಕೆ, "ಗಾಡಿಗೇನು ಗೊತ್ತಾಗ್ತತಿ?" ಎಂದರು. ಶಿರಾಳಕೊಪ್ಪದಲ್ಲಿ ವರದಮ್ಮ ಕಾರು ನಿಲ್ಲಿಸಿ, ಬೀಗರ ಮನೆಗೆ ಬರಿಗೈಲಿ ಹೋಗುತ್ತಾರೇನು ಎಂದು ಗದರಿ, ತಟ್ಟೆ ತುಂಬ ಹಣ್ಣು, ಕಾಯಿ, ಎಲೆಯಡಿಕೆ ತರಿಸಿದರು. ಹಿಂದೆ ಜಾಗವಿಲ್ಲದೆ ತಟ್ಟೆ ಶಿವಶಂಕರನ ತೊಡೆಗೆ ಬಂತು.

ಪ್ರತಿ ಹಂಪಿನಲ್ಲೂ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿ ಕರಕ್ ಎನ್ನುತ್ತಿತ್ತು. ಆ ಸದ್ದು ಸಂಗಮೇಶನ ಹೊಟ್ಟೆಯಲ್ಲೇ ಆದಂತಾಗುತ್ತಿತ್ತು. ನಾಲ್ಕನೆಯ ಹಂಪಿನಿಂದ ಪಂಚಾಕ್ಷರಪ್ಪ ಮೊದಲೇ ಇಳಿದು, ಕಾರನ್ನು ಓರೆಯಾಗಿ ದಾಟಿಸಿ, "ರೈಟ್, ರೈಟ್!" ಎಂದು ಬಡಿದು ಮತ್ತೆ ಹತ್ತುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಇಷ್ಟು ಸಂತೋಷವಾಗಿ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ಹಂಪುಗಳ ನಡುವೆ ಬಿಡುವಾದಾಗ ಶಿವಶಂಕರನ ವಿಚಾರಣೆ ನಡೆಯಿತು.

"ಯಾವೂರಪ್ಪ ನಿಂದು?"

"ಈಸೂರು ಸರ್."

"ಹೊಲ?"

"ಐದೆಕರೆ ನೀರಾವರಿ ಸರ್. ಅಪ್ಪ ನೋಡ್ಕೋತಾರೆ."

ಮಠ ಯಾವುದು, ಮನೆತನದ ಹೆಸರೇನು, ಅಕ್ಕತಂಗಿಯರು ಎಷ್ಟು ಎಂಬ ಪ್ರಶ್ನೆಗಳೂ ಆದವು. ಕಡೆಗೆ ವರದಮ್ಮ, "ಮದುವಿ ಆಗೈತೇನು?" ಎಂದರು.

ತರಬೇತಿಯ ನಂತರ ಮೊದಲ ಬಾರಿಗೆ ಶಿವಶಂಕರ "ಇಲ್ಲ" ಎಂದ. "ಎಲ್ಲರೂ ಸರ್ಕಾರಿ ನೌಕರಿಯೋರೇ ಬೇಕು ಅಂತಾರಮ್ಮ."

ಸೊರಬ ಮುಟ್ಟಿದಾಗ ಹನ್ನೆರಡು ಗಂಟೆ. ಚಂದ್ರಶೇಖರಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು. ಹಾರ ಹಾಕಿದ ಕಾರು. ಅದರಿಂದ ಮೊದಲು ಬಿಳಿ ಪಂಚೆಯ ಹಿರಿಯರೊಬ್ಬರು ಇಳಿದರು. ಆಮೇಲೆ ಟೈ ಕಟ್ಟಿದ ತರುಣನೊಬ್ಬ, ಕೈಯಲ್ಲಿ ಹಣ್ಣುಕಾಯಿಯ ತಟ್ಟೆ. ಮಗಳು, ಅಳಿಯ, ಮೊಮ್ಮಗಳು ಇಳಿದರು. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಹಿರಿಯ ಮುತ್ತೈದೆಯೊಬ್ಬರು ನೇರ ಮುಂದೆ ನೋಡುತ್ತ ಕೂತಿದ್ದರು. ಅವರು ಮಾತ್ರ ಇಳಿಯಲಿಲ್ಲ.

ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಇಳಿಯಲಿಲ್ಲ.

ಹೆಣ್ಣು ಕೊಟ್ಟು ತಂದು ಅನುಭವವಿದ್ದ ಚಂದ್ರಶೇಖರಪ್ಪನವರಿಗೆ ತಟ್ಟನೆ ಹೊಳೆಯಿತು. ಆರತಿ ಬರುವವರೆಗೆ ಗಾಡಿಯಿಂದ ಕಾಲು ಕೆಳಗಿಡದ ಹಿರಿಯರು ಎಂದರೆ ಗಂಡಿನ ಕಡೆಯವರೇ. ಅಷ್ಟು ಬಿಗುಮಾನ ಇನ್ನು ಯಾರಿಗಿರುತ್ತದೆ? ಅವರು ಪೇಪರ್ ಬಿಸಾಡಿ ಒಳಗೆ ಓಡಿದರು.

"ರಾಜೇಶ್ವರೀ! ಆರತಿ ತಾ, ಕಾಲಿಗೆ ನೀರು ತಾ! ಅಶ್ವಿನಿಗೆ ಸೀರೆ ಉಟ್ಕೊಳ್ಳೋಕೆ ಹೇಳು ಮಾರಾಯ್ತಿ!"

ಆರತಿ ಬಂದಾಗ ಅದು ಕಾರಿಗೆ ಎಂದುಕೊಂಡ ಸಂಗಮೇಶ. ಏಳು ವರ್ಷದ ಮೇಲೆ ಮಾವನಿಗೆ ತನ್ನ ರುಚಿ ಅರ್ಥವಾಯಿತಲ್ಲ ಎಂದು ಅವನ ಕಣ್ಣು ತುಂಬಿತು. ಆದರೆ ಆರತಿ ವರದಮ್ಮನ ಮುಂದೆ ಸುಳಿದು, ಅಲ್ಲಿಂದ ಶಿವಶಂಕರನ ಮುಂದೆ ಮೂರು ಸುತ್ತು ಸುತ್ತಿತು. ಗಿರಾಕಿ ಮನೆಯಲ್ಲಿ ಏನು ಕೊಟ್ಟರೂ ಬೇಡ ಎನ್ನಬಾರದೆಂದು ಕಲಿತಿದ್ದ ಶಿವಶಂಕರ ಹಣೆಗೆ ಕುಂಕುಮ ಹಚ್ಚಿಸಿಕೊಂಡ. ಗೊಬ್ಬರದ ಗೋದಾಮಿನಿಂದ ಕರೆಸಿದ ಇಬ್ಬರು ಹಮಾಲರು ವರದಮ್ಮನನ್ನು ಹೇಗೋ ಹೊರಗೆ ತಂದು ನಡುಮನೆಯ ಕುರ್ಚಿಯಲ್ಲಿ ಸ್ಥಾಪಿಸಿದರು.

ಅತ್ತೆ ರಾಜೇಶ್ವರಮ್ಮ ಸಂಗಮೇಶನನ್ನು ಅಡುಗೆಮನೆಗೆ ಕರೆದರು. ಒಲೆಯ ಮೇಲೆ ರವೆ ಹುರಿಯುತ್ತಿತ್ತು.

"ಹಿಂಗೆ ಹೇಳದೆ ಕೇಳದೆ ಕರ್ಕೊಂಡು ಬರೋದಾ ಅಳಿಯಂದ್ರೆ? ಹುಡುಗ ಲಕ್ಷಣವಾಗಿದಾನೆ. ನಮ್ಮ ಅಶ್ವಿನಿ ನಾಲ್ಕು ಗಂಡು ಬೇಡ ಅಂದಿದಾಳೆ, ಇವನನ್ನಾದ್ರೂ ಒಪ್ಪಲಿ. ನಿಮ್ಮ ಮಾವ ನಿಮ್ಮನ್ನ ಎಷ್ಟು ಹೊಗಳ್ತಿದಾರೆ ಗೊತ್ತಾ?"

ಅವನು ಕಾರು ಮಾರುವವನು ಅತ್ತೆ ಎಂದು ಹೇಳಲು ಸಂಗಮೇಶ ಬಾಯಿ ತೆರೆದ. ಆಗಲೇ ನಡುಮನೆಯಿಂದ ಮಾವ ಇಣುಕಿ ನೋಡಿ ನಕ್ಕರು. ಹೌದು, ನಕ್ಕರು, ಹಲ್ಲು ಕಾಣುವ ಹಾಗೆ, ಅಳಿಯನನ್ನು ನೋಡಿಯೇ! ಸಂಗಮೇಶ ಬಾಯಿ ಮುಚ್ಚಿದ. ಈ ಸಂತೋಷದಲ್ಲಿ ಕಾರಿಗೊಂದು ಹ್ಞೂಂ ಅನ್ನಿಸಿಕೊಂಡುಬಿಡೋಣ, ನಿಜವನ್ನು ಊಟದ ಮೇಲೆ ಹೇಳಿದರಾಯಿತು ಎಂದುಕೊಂಡ. ಮನುಷ್ಯನಿಗೆ ಕೇಡುಗಾಲ ಬರುವಾಗ ಬುದ್ಧಿ ಹೀಗೇ ಚುರುಕಾಗುತ್ತದೆ.

ಗಂಗಾಶ್ರೀಯ ತಂಗಿ ಅಶ್ವಿನಿ ಆನವಟ್ಟಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಅವಳು ಕೇಸರಿಬಾತಿನ ತಟ್ಟೆ ತಂದಿಟ್ಟು, ತಲೆ ತಗ್ಗಿಸದೆ ಎದುರಿಗೇ ಕೂತಳು. ಮೈಲೇಜ್ ಎಷ್ಟು ಎಂದಳು, ಶಿವಶಂಕರ ಹೇಳಿದ. ಬ್ರೇಕ್ ಹಿಡಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದಳು, ಅದನ್ನೂ ಹೇಳಿದ. ಹುಡುಗ ಹುಡುಗಿ ಐದು ನಿಮಿಷ ಮಾತಾಡಿಕೊಳ್ಳಲಿ ಎಂದು ಪಂಚಾಕ್ಷರಪ್ಪ ಸೂಚಿಸಿದರು. ಇಷ್ಟು ಹೊತ್ತಿಗೆ ಅವರಿಗೆ ವಿಷಯ ತಿಳಿದಿತ್ತು, ಈ ಸಂಬಂಧ ತಾವೇ ತಂದದ್ದೆಂಬ ನಂಬಿಕೆಯೂ ಗಟ್ಟಿಯಾಗಿತ್ತು.

"ಮಾತು ಆಮೇಲೆ. ನಾನೊಂದು ರೌಂಡ್ ಓಡಿಸಿ ನೋಡ್ತೀನಿ, ಕೀ ಕೊಡಿ," ಎಂದಳು ಅಶ್ವಿನಿ.

"ಖಂಡಿತ ಮೇಡಂ," ಎಂದು ಶಿವಶಂಕರ ಹಿಂದೆಯೇ ಎದ್ದ. ಟೆಸ್ಟ್ ಡ್ರೈವ್ ಕೇಳಿದವರ ಪಕ್ಕ ಕೂರುವುದು ಅವನ ಡ್ಯೂಟಿ.

ಐದು ನಿಮಿಷ ನಲವತ್ತಾಯಿತು. ಕಾರು ಮರಳಿ ಬಂದಾಗ ಶಿವಶಂಕರನ ಮುಖ ಕಾರಿಗಿಂತ ಕೆಂಪಾಗಿತ್ತು, ಟೈ ಜೇಬಿನಲ್ಲಿತ್ತು.

"ಪಾಪ, ಅವ್ರಿಗೆ ಏನೂ ಗೊತ್ತೇ ಇರ್ಲಿಲ್ಲ. ಇದು ಹೆಣ್ಣು ನೋಡೋ ಶಾಸ್ತ್ರ ಅಂತ ನಾನೇ ಹೇಳ್ದೆ. ಕೇಳಿ ಸೀಟ್‌ಬೆಲ್ಟ್ ಬಿಗಿ ಮಾಡ್ಕೊಂಡ್ರು," ಎಂದಳು ಅಶ್ವಿನಿ. "ಆದ್ರೂ ಅಪ್ಪಾಜಿ, ಕೇಳಿದ್ದಕ್ಕೆಲ್ಲ ರೇಗದೆ ಉತ್ತರ ಕೊಡೋ ಗಂಡಸು ನಾನು ನೋಡಿದ್ದು ಇವ್ರೊಬ್ಬರೇ. ನಂಗೆ ಒಪ್ಪಿಗೆ."

ಇನ್ನು ತಡಮಾಡಿದರೆ ಕೆಟ್ಟೆ ಎಂದು ಸಂಗಮೇಶ ಮಾವನ ಪಕ್ಕಕ್ಕೆ ಸರಿದ. "ಮಾವ, ನಿಜ ಹೇಳ್ಬೇಕಂದ್ರೆ ಆ ಹುಡುಗ ಕಾರಿನ ಕಂಪನಿಯೋನು. ನಾವು ಬಂದಿದ್ದು ಗಾಡಿ ತೋರಿಸೋಕೆ."

"ಗೊತ್ತಾಯ್ತು, ಪಂಚಾಕ್ಷರಪ್ಪೋರು ಎಲ್ಲಾ ಹೇಳಿದ್ರು. ಐದೆಕರೆ ನೀರಾವರಿ ಇರೋನು ಏನು ಮಾರಿದ್ರೆ ನಮಗೆಂತ?" ಎಂದರು ಚಂದ್ರಶೇಖರಪ್ಪ. ಆಮೇಲೆ ಎದ್ದು, ಕಾರಿನ ಸುತ್ತ ಎರಡು ಸುತ್ತು ಬಂದು, ಡಿಕ್ಕಿಯ ಗೆರೆಯ ಮೇಲೆ ಕೈಯಾಡಿಸಿದರು. "ಗಾಡಿ ಮಾತ್ರ ಭಾರೀ ಚೆನ್ನಾಗಿದೆ ಅಳಿಯಂದ್ರೆ. ನೋಡೋಕೂ ಚಂದ, ಸಂಸಾರಕ್ಕೂ ಆಗ್ತದೆ. ನಿಮಗೆ ಇಷ್ಟು ಕಣ್ಣಿದೆ ಅಂತ ಗೊತ್ತಿರ್ಲಿಲ್ಲ ನಂಗೆ. ಹ್ಞೂಂ!"

ಆ ಹ್ಞೂಂ ಕೇಳಿ ಸಂಗಮೇಶನಿಗೆ ಮಾವನ ಕಾಲಿಗೆ ಬೀಳಬೇಕು ಎನ್ನಿಸಿತು. ಅರ್ಧ ಬಗ್ಗಿಯೂ ಇದ್ದ.

"ಹಾಗಾಗಿ ಇದನ್ನೇ ಅಶ್ವಿನಿ ಮದುವೆಗೆ ಕೊಡೋಣ ಅಂತ," ಎಂದು ಚಂದ್ರಶೇಖರಪ್ಪ ಮುಗಿಸಿದರು. "ವರದಕ್ಷಿಣೆ ಕೊಡೋ ಜನ ಅಲ್ಲ ನಾವು. ಮಗಳು ಬಿಸಿಲಲ್ಲಿ ಓಡಾಡಬಾರದು ಅಷ್ಟೆ. ಏನಪ್ಪಾ, ಕೆಂಪು ಎಷ್ಟಿದೆ ನಿಮ್ಮಲ್ಲಿ?"

"ಒಂದೇ ಒಂದಿದೆ ಸರ್... ಮಾವ," ಎಂದ ಶಿವಶಂಕರ. ಅವನು ತನಗೆ ತಾನೇ ಕಾರು ಮಾರಿಕೊಂಡಿದ್ದ. ಆ ತಿಂಗಳ ಇನ್ಸೆಂಟಿವ್ ಕೂಡ ಅವನಿಗೇ ಬರುವುದಿತ್ತು.

"ಮಾವ, ಹಂಗಾದ್ರೆ ನನಗೆ?" ಎಂದ ಸಂಗಮೇಶ.

"ಒಂದೇ ಮನೆ ಅಳಿಯಂದ್ರು ಇಬ್ರೂ ಒಂದೇ ಥರದ ಗಾಡಿ ಇಟ್ಕೊಂಡ್ರೆ ಜನ ನಗಾಡ್ತಾರೆ. ನಿಮ್ಮದು ಚಿಕ್ಕ ಮಗು ಇರೋ ಸಂಸಾರ, ಎತ್ತರದ ಗಾಡಿ ಬೇಕು. ನನ್ನ ಹಳೇದನ್ನ ಇವತ್ತೇ ತಗೊಂಡು ಹೋಗಿ. ಮದುವೆ ಓಡಾಟಕ್ಕೂ ಆಯ್ತು. ಹಿರೀ ಅಳಿಯ ನೀವು, ನೀವಲ್ಲದೆ ಮತ್ಯಾರು ಓಡಾಡ್ತಾರೆ?"

ಸಂಗಮೇಶ ಹೆಂಡತಿಯ ಕಡೆ ನೋಡಿದ. ಷರತ್ತು ಹಾಕಿದವಳು ಅವಳಲ್ಲವೇ. ಗಂಗಾಶ್ರೀ ಆಗಲೇ ಹಳೇ ಗಾಡಿಯ ಹಿಂಬಾಗಿಲು ತೆರೆದು ಅಳೆಯುತ್ತಿದ್ದಳು. "ರೀ, ಸೈಕಲ್ಲು, ಅಕ್ಕಿ ಮೂಟೆ, ಎರಡೂ ಹಿಡಿಸ್ತಾವೆ ನೋಡ್ರಿ!"

ಹತ್ತು ವರ್ಷ ಗೊಬ್ಬರದ ಚೀಲ ಹೊತ್ತ ಆ ಬೂದು ಬಣ್ಣದ ಗಾಡಿ ಸಂಜೆ ನಾಲ್ಕಕ್ಕೆ ಸೊರಬ ಬಿಟ್ಟಿತು. ಒಳಗೆಲ್ಲ ಯೂರಿಯಾ ವಾಸನೆ. ಹಂಪುಗಳು ಬಂದದ್ದೂ ತಿಳಿಯಲಿಲ್ಲ. ಪಂಚಾಕ್ಷರಪ್ಪನವರಿಗೆ ಕೆಲಸವಿಲ್ಲದೆ ಬೇಸರವಾಗಿ ನಿದ್ದೆ ಬಂತು.

ಶಿಕಾರಿಪುರದ ಬೀದಿಯಲ್ಲಿ ಗಾಡಿ ನಿಂತಾಗ ವರದಮ್ಮ ಬಾಗಿಲು ತೆರೆದು, ಯಾರ ಕೈಯೂ ಹಿಡಿಯದೆ, ಹೊಸ್ತಿಲು ದಾಟಿದಷ್ಟು ಸಲೀಸಾಗಿ ಕೆಳಗಿಳಿದರು. "ಇದು ನೋಡಪ್ಪ ಗಾಡಿ! ಬೆಳಿಗ್ಗೆನೇ ಇದನ್ನ ತಂದಿದ್ರೆ ಇಷ್ಟೆಲ್ಲ ಫಜೀತಿ ಆಗ್ತಿತ್ತೇನು?" ಎಂದು ಹೇಳಿ ಮನೆಗೆ ನಡೆದರು. ಅವರ ನಡಿಗೆ ನೋಡಿ ಸಂಗಮೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವನ ಮೊಬೈಲ್ ಸದ್ದು ಮಾಡಿತು. ಕಂಪನಿಯ ಮೆಸೇಜು: ನಮ್ಮ ಕಾರಿನ ಟೆಸ್ಟ್ ಡ್ರೈವ್ ನಿಮಗೆ ಹೇಗೆನಿಸಿತು? ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ? ಅದನ್ನು ಓದಿ ಮುಗಿಸುವಷ್ಟರಲ್ಲಿ ಶಿವಶಂಕರನ ಫೋನ್ ಬಂತು. ಬೆಳಿಗ್ಗೆಯ ಸರ್ ಸಂಜೆಗೆ ಅಣ್ಣ ಆಗಿದ್ದ.

"ಅಣ್ಣಾ, ಮೆಸೇಜ್ ಬಂದಿರಬೇಕು. ಹತ್ತಕ್ಕೆ ಹತ್ತು ಕೊಡಿ ಅಣ್ಣಾ, ನನ್ನ ಪ್ರಮೋಷನ್ ಅದರ ಮೇಲಿದೆ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ಯಾವ ಹುಡುಗನ ಚಿತ್ರಕ್ಕೂ ಸಂಗಮೇಶ ಪೂರ್ತಿ ಅಂಕ ಕೊಟ್ಟವನಲ್ಲ. ಅವನು ಒಂದರ ಮೇಲೆ ಬೆರಳಿಟ್ಟ.

"ಹತ್ತು ಕೊಡ್ರಿ, ನಮ್ಮನೆ ಅಳಿಯ ಆಗೋನು ಅವ್ನು," ಎಂದಳು ಹಿಂದಿನಿಂದ ಗಂಗಾಶ್ರೀ, ಮಗಳನ್ನು ಇಳಿಸಿಕೊಳ್ಳುತ್ತ.

ಸಂಗಮೇಶ ಹತ್ತು ಒತ್ತಿದ.