ಸೋಮವಾರ ಉಪವಾಸವಿರುವ ಬ್ಯಾಟರಿ

ಪೂರ್ತಿ ಕೆಟ್ಟುಹೋದ ವಸ್ತುವಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅದನ್ನು ಅಟ್ಟಕ್ಕೆ ಎಸೆದು ಕೈತೊಳೆದುಕೊಳ್ಳಬಹುದು. ಒಮ್ಮೆ ಕೆಟ್ಟು ಒಮ್ಮೆ ಸರಿಯಾಗುವ ಜಾತಿಯವೇ ನನ್ನ ಜೀವ ಹಿಂಡುವುದು. ನಮ್ಮ ಮನೆಯ ಟಿ.ವಿ. ಬ್ಯಾಟರಿ ಆ ಜಾತಿಯದು. ಆಗ ನ್ಯಾಮತಿಯಲ್ಲಿ ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಶುರುವಾಗುವುದಕ್ಕೂ ಕರೆಂಟು ಹೋಗುವುದಕ್ಕೂ ಏನೋ ಒಳ ಒಪ್ಪಂದವಿತ್ತು. ಹಾಗಾಗಿ ಪುಟ್ಟ ಕಪ್ಪುಬಿಳುಪು ಟಿ.ವಿ.ಯ ಜೊತೆಗೆ ಒಂದು ಕಾರ್ ಬ್ಯಾಟರಿಯನ್ನೂ ಅದನ್ನು ತುಂಬಿಸುವ ಚಾರ್ಜರನ್ನೂ ತಂದಿಟ್ಟಿದ್ದೆ. ಚಾರ್ಜರಿನ ಮುಳ್ಳು ಬಲಕ್ಕೆ ವಾಲಿದರೆ ಬ್ಯಾಟರಿ ತುಂಬುತ್ತಿದೆ ಎಂದರ್ಥ. ಕೆಲವು ದಿನ ವಾಲುತ್ತಿತ್ತು. ಕೆಲವು ದಿನ ಸೊನ್ನೆಯ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ವಿದ್ಯುಚ್ಛಕ್ತಿಯ ಪಾಠವನ್ನು ಪುಸ್ತಕ ನೋಡದೆ ಮಾಡುವವನು ಎಂಬುದನ್ನು ಇಲ್ಲಿ ಹೇಳದೆ ಬಿಟ್ಟಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದಿತ್ತು.

ಟಿ.ವಿ. ತಂದದ್ದು ಅವ್ವನಿಗಾಗಿ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಜಗಳೂರಿನ ಕಡೆಯ ನಮ್ಮ ಹಳ್ಳಿಯಿಂದ ಕರೆತಂದಿದ್ದೆ. ಇಲ್ಲಿ ಗುರುತು ಪರಿಚಯದವರು ಯಾರೂ ಇರಲಿಲ್ಲ. ದಿನವಿಡೀ ಬಾಗಿಲಲ್ಲಿ ಕೂತು ಸವಳಂಗದ ಬಸ್ಸು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದಳು. ಟಿ.ವಿ. ಬಂದದ್ದೇ ತಡ, ಭಾನುವಾರ ಇಡೀ ಬೀದಿ ನಮ್ಮ ಪಡಸಾಲೆಯಲ್ಲಿ! ಅವ್ವ ಎಲ್ಲರಿಗಿಂತ ಮುಂದೆ ಕೂತು, ತನಗೆ ಒಂದಕ್ಷರವೂ ಬಾರದ ಹಿಂದಿಯನ್ನು ಕನ್ನಡದಲ್ಲಿ ವಿವರಿಸುತ್ತಿದ್ದಳು. ರಾಜ ಮಂತ್ರಿಯೊಡನೆ ಯುದ್ಧದ ಮಾತಾಡುತ್ತಿದ್ದರೆ, ಮಗಳ ಮದುವೆಯ ಮಾತುಕತೆ ನಡೆದಿದೆ ಎಂದು ಅವಳು ಹೇಳಿದರೂ ಯಾರೂ ತಕರಾರು ಎತ್ತುತ್ತಿರಲಿಲ್ಲ. ಆಗಿನ ಅವಳ ಮುಖ ನೋಡಿದರೆ ನನಗೆ ಹೊಟ್ಟೆ ತಂಪಾಗುತ್ತಿತ್ತು. ಅಷ್ಟರಲ್ಲಿ ಬ್ಯಾಟರಿಯ ಈ ಆಟ ಶುರುವಾಯಿತು. ಕಥೆಯ ನಡುವೆಯೇ ಚಿತ್ರ ಕುಗ್ಗಿ ಕುಗ್ಗಿ ಒಂದು ಚುಕ್ಕಿಯಾಗಿ ಆರಿಹೋಗುತ್ತಿತ್ತು. ಮುಂದಿನ ವಾರ ಮೇಲಿನ ಬೀದಿಯ ಕಿರಾಣಿ ಅಂಗಡಿಯವರ ಮನೆಗೇ ಹೋಗೋಣವೆಂದು ಜನ ಗುಸುಗುಸು ಮಾತಾಡಿಕೊಂಡು ಎದ್ದರು. ಅವ್ವ ಅಂದು ಅರ್ಧ ರೊಟ್ಟಿ ತಿಂದು ಮಲಗಿದಳು. ನನಗೆ ಸಂಕಟವಾಯಿತು.

ತನಿಖೆ ಶುರುಮಾಡಿದೆ. ವೈರು ಬದಲಿಸಿದೆ, ಪ್ಲಗ್ಗು ಬಿಚ್ಚಿ ಕಟ್ಟಿದೆ, ಚಾರ್ಜರನ್ನು ತಲೆಕೆಳಗು ಮಾಡಿ ಕುಲುಕಿದೆ. ಶಾಲೆಯ ಚರಿತ್ರೆಯ ಮೇಷ್ಟ್ರು ಬ್ಯಾಟರಿಯನ್ನು ಪೂರ್ವಕ್ಕೆ ಮುಖಮಾಡಿ ಇಡಬೇಕೆಂದರು. ಬ್ಯಾಟರಿಯ ಮುಖ ಯಾವುದೆಂದು ಒಂದು ಸಂಜೆಯೆಲ್ಲ ಚರ್ಚಿಸಿ ಅದನ್ನೂ ಮಾಡಿದ್ದಾಯಿತು. ಕೊನೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊನ್ನಾಳಿಗೆ ಹೋದೆ. ಕಂಡಕ್ಟರು ಕೂಸಿಗಾದರೆ ಟಿಕೆಟ್ಟಿಲ್ಲ, ಇದಕ್ಕೆ ಲಗೇಜು ಎಂದ. ಆಸಿಡ್ಡು ತುಳುಕಿ ನನ್ನ ಪ್ಯಾಂಟು ಜಾಲರಿಯಾಯಿತು. ಹೊನ್ನಾಳಿಯ ಬ್ಯಾಟರಿ ಅಂಗಡಿಯವನು ಅದರ ತಲೆಯನ್ನು ಚಿಂದಿಯಲ್ಲಿ ಒರೆಸಿ ತನ್ನ ಚಾರ್ಜರಿಗೆ ಹಾಕಿದ. ಮುಳ್ಳು ಸರ್ರನೆ ಬಲಕ್ಕೆ ಓಡಿತು.

"ನಮ್ಮಲ್ಲಿ ಚೆನ್ನಾಗೇ ಐತಲ್ರೀ ಮೇಷ್ಟ್ರೇ. ನಿಮ್ಮನೇಲೇ ಏನೋ ಹೆಚ್ಚುಕಮ್ಮಿ ಇರಬೇಕು" ಎಂದು ಅವನು ನನ್ನ ಸಂಸಾರದ ಬಗ್ಗೆಯೇ ಅನುಮಾನ ಬಂದವನಂತೆ ನೋಡಿದ.

ಮನೆಗೆ ಬಂದ ಮೇಲೆ ಮತ್ತೆ ಅದೇ ಹಾಡು. ಅದರಲ್ಲೂ ಸೋಮವಾರ ಮುಳ್ಳು ಅಲುಗುತ್ತಲೇ ಇರಲಿಲ್ಲ. ಇದನ್ನು ನಾನು ಗಾಬರಿಯಿಂದ ಹೇಳಿದರೆ ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. "ಅದೂ ನನ್ನಂಗೆ ಸೋಮವಾರ ಉಪವಾಸ ಮಾಡ್ತೈತೆ ಬಿಡಪ್ಪ" ಎಂದಳು. ನಾನು ಒಂದು ಕ್ಷಣ ನಂಬಿದೆ ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾಗಬೇಕು.

ಒಂದು ಸೋಮವಾರ ಶಾಲೆಗೆ ರಜೆಯಿತ್ತು. ಮುಳ್ಳು ಅಪರೂಪಕ್ಕೆ ಬಲಕ್ಕೆ ವಾಲಿತ್ತು. ನಾನು ಅದನ್ನೇ ಕಣ್ತುಂಬ ನೋಡುತ್ತ ಕೂತಿದ್ದೆ. ಸ್ನಾನ, ಲಿಂಗಪೂಜೆ ಮುಗಿಸಿದ ಅವ್ವ ವಿಭೂತಿ ಗಟ್ಟಿ ಹಿಡಿದು ಬಂದಳು. ಬ್ಯಾಟರಿಯ ಎರಡು ಕ್ಲಿಪ್ಪುಗಳನ್ನು ಓಲೆ ಬಿಚ್ಚುವಷ್ಟು ಜೋಪಾನವಾಗಿ ಬಿಚ್ಚಿದಳು. ಅದರ ಮೈಗೆ ಮೂರು ಗೆರೆ ಎಳೆದಳು. ಆಮೇಲೆ ಮೇಲಿನ ಎರಡು ಸೀಸದ ತುದಿಗಳಿಗೆ ವಿಭೂತಿಯನ್ನು ದಪ್ಪಗೆ ಬಳಿದು, ಮತ್ತೆ ಕ್ಲಿಪ್ಪು ಸಿಕ್ಕಿಸಿ, ಕೈಮುಗಿದು ಹೋದಳು. ಮುಳ್ಳು ಸೊನ್ನೆಗೆ ಬಿತ್ತು. ನಮ್ಮ ಮನೆಯಲ್ಲಿ ತಿಜೋರಿಗೆ, ಹೊಲಿಗೆ ಯಂತ್ರಕ್ಕೆ, ನನ್ನ ಸೈಕಲ್ಲಿಗೆ ಕೂಡ ವಿಭೂತಿ ಉಂಟು. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ. ಬ್ಯಾಟರಿ ಕೈಕೊಟ್ಟಷ್ಟೂ ಅವ್ವನ ಭಕ್ತಿ ಹೆಚ್ಚುತ್ತಿತ್ತು, ಭಕ್ತಿ ಹೆಚ್ಚಿದಷ್ಟೂ ಬ್ಯಾಟರಿ ಕೈಕೊಡುತ್ತಿತ್ತು. ಸೋಮವಾರ ವಿಶೇಷ ಪೂಜೆ ಬೇರೆ.

ಹೇಳುವುದು ಹೇಗೆ? ಶಾಲೆಯಲ್ಲಿ ಹುಡುಗರ ತಲೆ ತಿನ್ನುತ್ತೀರಲ್ಲ, ಹೋಗಿ ಅವ್ವನಿಗೂ ಹೇಳಿ ಎಂದು ಹೆಂಡತಿ ಪಿಸುಗುಟ್ಟಿದಳು. ಅವ್ವನ ಎದುರು ನಿಂತು ಗಂಟಲು ಸರಿಮಾಡಿಕೊಂಡೆ. ಮಂಡಿನೋವು ಹೇಗಿದೆ ಎಂದು ಕೇಳಿ ವಾಪಸು ಬಂದೆ. ಅಂದಿನಿಂದ ಅವಳು ಪೂಜೆ ಮುಗಿಸಿ ಅಡುಗೆಮನೆಗೆ ಹೋಗುವುದನ್ನೇ ಕಾದು, ಅಂಗಿಯ ಚುಂಗಿನಿಂದ ಆ ತುದಿಗಳನ್ನು ತಿಕ್ಕಿ ಒರೆಸಿ, ಕ್ಲಿಪ್ಪು ಸಿಕ್ಕಿಸಿ, ಕಳ್ಳನಂತೆ ಜಾರಿಕೊಳ್ಳತೊಡಗಿದೆ.

ಆ ಭಾನುವಾರ ಚಿತ್ರ ಕೊನೆಯವರೆಗೂ ಬಂತು. ಬ್ಯಾಟರಿಯ ಮೈಮೇಲಿನ ವಿಭೂತಿ ಕಂಡ ಜನ ಟಿ.ವಿ.ಗೆ ಒಂದು ಸಲ, ಅವ್ವನಿಗೆ ಎರಡು ಸಲ ಕೈಮುಗಿದರು. ಅವ್ವನ ಕೈಗುಣದ ಸುದ್ದಿ ಬೀದಿ ದಾಟಿತು. ಉರಿಯದ ಟಾರ್ಚು, ಕೊರಗುಟ್ಟುವ ಟ್ರಾನ್ಸಿಸ್ಟರು, ಸವಳಂಗದಿಂದ ತಳ್ಳಿಕೊಂಡು ಬಂದ ಒಂದು ಮೊಪೆಡ್ಡು, ಎಲ್ಲವೂ ವಿಭೂತಿಗಾಗಿ ನಮ್ಮ ಜಗುಲಿಯಲ್ಲಿ ಸಾಲುಗಟ್ಟಿದವು. ಅವ್ವ ಮುಂದೆ ಹಚ್ಚುವುದು, ನಾನು ಹಿತ್ತಲಿಗೆ ಒಯ್ದು ಒರೆಸಿ, ಕೆರೆದು, ಬಿಗಿದು ತರುವುದು. ಹೆಸರು ಅವಳದು, ಕೈತುಂಬ ಗ್ರೀಸು ನನ್ನದು. ಆದರೆ ಈಗ ವಾರವೆಲ್ಲ ಅವಳ ಸುತ್ತ ಜನ, ಮಾತು, ನಗು. ಬಸ್ಸುಗಳ ಕಡೆ ನೋಡುವುದಕ್ಕೆ ಅವಳಿಗೆ ಪುರುಸೊತ್ತೇ ಇರಲಿಲ್ಲ.

ಕೊನೆಗೆ ಶಾಲೆ ತಪಾಸಣೆಯ ಹಿಂದಿನ ದಿನ ಪ್ರಯೋಗಾಲಯದ ಬ್ಯಾಟರಿ ಮುಷ್ಕರ ಹೂಡಿತು. ಹೆಡ್ಮಾಸ್ತರರು ಇಡೀ ತರಗತಿಯ ಮುಂದೆ, "ನಿಮ್ಮ ಕೈಲಿ ಆಗಲ್ಲ ಬಿಡ್ರಿ ಮೇಷ್ಟ್ರೇ, ಸುಮ್ನೆ ನಿಮ್ಮ ಅವ್ವಾರ ಹತ್ರ ತಗೊಂಡು ಹೋಗ್ರಿ" ಎಂದರು. ಹೊತ್ತುಕೊಂಡು ಬಂದೆ.

ಅವ್ವ ಅದಕ್ಕೂ ವಿಭೂತಿ ಹಚ್ಚಿದಳು. ಅವಳು ಅಡುಗೆಮನೆಗೆ ಹೋಗಲೆಂದು ಜಂತೆ ನೋಡುತ್ತ ನಿಂತೆ. ಅವಳು ಹೋಗಲಿಲ್ಲ. ಗೂಡಿನಿಂದ ಹಳೆ ಸೀರೆಯ ಚೂರೊಂದನ್ನು ತೆಗೆದು ನನ್ನ ಕೈಗಿಟ್ಟಳು.

"ಅಂಗಿ ಚುಂಗಿನಾಗೆ ಒರೆಸ್ಬ್ಯಾಡ, ಎಲ್ಲಾ ತೂತು ಬಿದ್ದೈತೆ. ಇದ್ರಾಗೆ ಒರೆಸು. ಜನದ ಮುಂದೆ ಮಾತ್ರ ಬಾಯಿ ಬಿಡಬ್ಯಾಡ. ನಾಳೆಯಿಂದ ಇವರೆಲ್ಲ ಬರದಿದ್ರೆ ನಾನು ಯಾರ ಕೂಡ ಮಾತಾಡ್ಲಿ?"

ವಿಜ್ಞಾನದ ಮೇಷ್ಟ್ರಾದ ನಾನು ತಲೆತಗ್ಗಿಸಿ ಒರೆಸತೊಡಗಿದೆ. ಅವ್ವ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

"ಆ ಮೂಲೆ ಉಳೀತು ನೋಡು" ಎಂದಳು.