ಮಾವನಿಗೆ ಮೈಕಿನ ಭಯ

ನಮ್ಮ ಮಾವನಷ್ಟು ಮೈಕಿಗೆ ಹೆದರುವ ರಾಜಕಾರಣಿ ಭೂಮಿ ಮೇಲೆ ಇನ್ನೊಬ್ಬರಿದ್ದರೆ ತೋರಿಸಿ, ನಮ್ಮ ತೋಟದ ಟೀ ಎಲೆಯೆಲ್ಲ ನಿಮಗೇ! ಅಮ್ಮನ ಅಣ್ಣ, ಕೋತಗಿರಿ ಕಡೆಯ ಹಟ್ಟಿಯವರು. ಕರಡಿಗೂ ಹೆದರುವ ಪೈಕಿ ಅಲ್ಲ.

ಹಿಂದೊಮ್ಮೆ ಪಕ್ಷದ ಮುಖಂಡರು ಹಟ್ಟಿಗೆ ಬಂದಿದ್ದರು. ಮಾವ ಅವರನ್ನು ಬಾಯ್ತುಂಬ ಹೊಗಳಿ, ಮೈಕ್ ಆಫ್ ಆಯಿತೆಂದುಕೊಂಡು ಪಕ್ಕದವರಿಗೆ, "ಈ ಕುಂಬಳಕಾಯಿನ ಇನ್ನೆಷ್ಟು ಹೊಗಳೋದಪ್ಪಾ" ಅಂದರು. ಗುಡಿಯ ಮೇಲಿನ ಸ್ಪೀಕರ್ ಅದನ್ನು ಎದುರು ಬೆಟ್ಟಕ್ಕೂ ಮುಟ್ಟಿಸಿತು. ಅಲ್ಲಿಗೆ ಮಾವನ ರಾಜಕೀಯ ಢಮಾರ್. ಅತ್ತೆ ಅವರನ್ನು ಮನೆಯಲ್ಲಿ ಕೂರಿಸಿಕೊಂಡು ಹೇಳಿದರು: "ಇನ್ನು ಮೈಕಲ್ಲಿ ಒಂದು ಮಾತಾಡಿದರೂ ನನ್ನ ಮೇಲಾಣೆ."

ನಾನು ಊಟಿಯಲ್ಲಿ ಧ್ವನಿಮುದ್ರಣದ ಕೆಲಸದವಳು. ಸಮಾಧಾನ ಮಾಡೋಣ ಅಂತ, "ಇಂಗ್ಲಿಷಲ್ಲಿ ಇದಕ್ಕೆ ಹಾಟ್ ಮೈಕ್ ಅಂತಾರೆ ಮಾವ. ನಮಗೆ ಅದು ಬರೀ ಆನ್ ಆಗಿರೋ ಮೈಕು, ನಿಮ್ಮಂಥವರಿಗೆ ಮಾನ ಕಳೆಯೋ ಮೈಕು" ಅಂದೆ. ಅಂದದ್ದೇ ತಪ್ಪಾಯಿತು. ಅವತ್ತಿನಿಂದ ಯಾವ ಮದುವೆಗೆ ಹೋದರೂ ನನ್ನನ್ನು ಮುಂದೆ ತಳ್ಳಿ, "ಮುಟ್ಟಿ ನೋಡು, ಬಿಸಿ ಇದೆಯಾ?" ಅಂತಾರೆ. ಅವರ ಮನೆಗೆ ಹೋದರೆ ನನ್ನ ಫೋನು ಅಕ್ಕಿ ಡ್ರಮ್ಮಿನೊಳಗೆ, ಅದರಲ್ಲೂ ಮೈಕ್ ಇದೆಯಲ್ಲ. ರಾಜಕೀಯ ಮಾತಾಡೋದು ಕುಕ್ಕರ್ ಸೀಟಿ ಹಾಕುವಾಗ ಮಾತ್ರ. ಸೀಟಿ ನಿಂತರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತೆ. ಉಳಿದರ್ಧ ಕೇಳಬೇಕಾದರೆ ಮುಂದಿನ ಸೀಟಿವರೆಗೆ ಕಾಯಬೇಕು.

ಕಳೆದ ಮಳೆಗಾಲದಲ್ಲಿ ನಾನು ಹಟ್ಟಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಅತ್ತೆ ಎಲೆ ಕೀಳಲು ಹೋದವರು ಊಟದ ಹೊತ್ತಾದರೂ ಬರಲಿಲ್ಲ. ಮಂಜು ಇಳಿದು ತೋಟವೇ ಕಾಣುತ್ತಿರಲಿಲ್ಲ. ಕೆಳಗಿನ ತೋಟಕ್ಕೆ ಕಾಟಿಗಳು ನುಗ್ಗಿವೆ ಅಂತ ಸುದ್ದಿ ಬಂತು. ಕಾಡುಕೋಣ ಅಂದರೆ ಆಟವೇ? ಅತ್ತೆಯ ಫೋನು ಸಿಗಲಿಲ್ಲ. ನಾನು ಫಾರೆಸ್ಟಿನವರಿಗೆ ಫೋನ್ ಮಾಡಿದೆ. ಮಾವ ತೋಟದ ಅಂಚಿಗೆ ಓಡಿ, "ಇವಳೇ!" ಅಂತ ಕೂಗಿದರು. ನಮ್ಮಲ್ಲಿ ಹಳಬರು ಹೆಂಡತಿ ಹೆಸರು ಹೇಳೋದುಂಟೇ? ಮಂಜಿನೊಳಗಿಂದ ಊರಿನ ಹೆಂಗಸರೆಲ್ಲ "ಏನು?" ಅಂದರು. ಅತ್ತೆ ಮಾತ್ರ ಅನ್ನಲಿಲ್ಲ.

ಮಾವ ಸೀದಾ ಗುಡಿಗೆ ಬಂದು ಮೈಕಿನ ಮುಂದೆ ನಿಂತರು. ನಾನೂ ಹಿಂದೆಯೇ ಓಡಿದೆ.

"ಅವಳ ಮೇಲಾಣೆ ಇದೆಯಲ್ಲೇ."

"ನಾನು ಮಾತಾಡ್ತೀನಿ, ಬಿಡಿ ಮಾವ."

"ಬೇಡ. ನಿನ್ನ ದನಿ ಕೇಳಿದರೆ ನನಗೇ ಏನೋ ಆಯ್ತು ಅಂತ ಓಡಿ ಬರ್ತಾಳೆ. ಕಾಟಿ ಮುಂದೆ ಓಡಬಾರದು."

ಸ್ವಿಚ್ ಹಾಕಿದರು. "ಮಾದೀ, ನಾನು ಚೆನ್ನಾಗಿದ್ದೀನಿ. ಕೆಳಗೆ ಕಾಟಿ ಇವೆ. ಓಡಬೇಡ, ನಿಂತಲ್ಲೇ ನಿಲ್ಲು. ಫಾರೆಸ್ಟಿನವರು ಬರ್ತಾರೆ."

ಆಮೇಲೆ ಮೈಕನ್ನು ಪಕ್ಕದಲ್ಲಿಟ್ಟು ಮೆಟ್ಟಿಲ ಮೇಲೆ ಕುಸಿದರು. "ದೇವರೇ, ಆಣೆ ಮುರಿದದ್ದು ನಾನು. ಶಿಕ್ಷೆ ನನಗೇ ಕೊಡು, ಅವಳನ್ನ ಬಿಟ್ಟುಬಿಡು. ಅವಳಿಲ್ಲದ ಮನೆಗೆ ನಾನು ಹೋಗಲಾರೆ."

ಮೈಕ್ ಆನ್ ಇತ್ತು. ಸ್ವಿಚ್ಚಿಗೆ ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

ಫಾರೆಸ್ಟಿನವರು ಅತ್ತೆಯನ್ನು ಕರೆತಂದಾಗ ಸೆರಗು ನೆನೆದಿತ್ತು, ತಲೆಮೇಲೆ ಎಲೆಗಂಟು ಹಾಗೇ ಇತ್ತು. ಬಂಡೆ ಹತ್ತಿ ನಿಂತಿದ್ದರಂತೆ. ಗಂಟು ಇಳಿಸಿ ಮಾವನ ಪಕ್ಕದಲ್ಲೇ ಕೂತರು.

"ನನ್ನ ಹೆಸರು ನಿಮಗೆ ಮರೆತೇಹೋಗಿದೆ ಅಂದ್ಕೊಂಡಿದ್ದೆ" ಅಂದರು.

ಅದನ್ನೂ ಇಡೀ ಬೆಟ್ಟ ಕೇಳಿತು. ಸ್ವಿಚ್ಚು ಅತ್ತೆಯ ಕೈಗೆಟುಕುವಷ್ಟು ಹತ್ತಿರವೇ ಇತ್ತು.