ಕೋಟಿನೊಳಗಿನ ವಂಶಾವಳಿ

ಎಲ್ಲಕ್ಕೂ ಮೂಲ ಪೋಸ್ಟ್‌ಮ್ಯಾನನ ಗಂಟಲು. ಪ್ರತಿ ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಓದುತ್ತಿದ್ದವನ ದನಿ ಕಟ್ಟಿತು, ಬೆಳಿಗ್ಗೆ ಏಳಕ್ಕೆ ಪಾದ್ರಿಗಳ ಚೀಟಿ ದರ್ಜಿಯ ಕೈ ಸೇರಿತು: ಹತ್ತು ಗಂಟೆಗೆ ನೀನು ಓದಬೇಕು, ಯೇಸುವಿನ ವಂಶಾವಳಿ.

"ಬರೀ ಹೆಸರು ತಾನೆ? ನಡುವೆ ಹತ್ತು ಹಾರಿಸಿಬಿಡು. ಯಾರು ಲೆಕ್ಕ ಇಡ್ತಾರೆ?" ಎಂದ ಪಕ್ಕದ ಅಂಗಡಿಯ ಕ್ಷೌರಿಕ.

"ಮುಂದಿನ ಬೆಂಚಲ್ಲಿ ಮಾವ ಕೂತಿರ್ತಾರಲ್ಲ ಮಾರಾಯ!"

ಮಾವನವರು ನಿವೃತ್ತ ಹೆಡ್‌ಮಾಸ್ಟರು, ಮನೆತನವೆಂದರೆ ಪ್ರಾಣ ಬಿಡುವವರು. ಮಗಳನ್ನು ಕೊಡುವಾಗ "ನಿಮ್ಮ ಅಜ್ಜ ಎಲ್ಲಿದ್ದರು?" ಎಂದು ಕೇಳಿದ್ದಕ್ಕೆ ದರ್ಜಿ "ಸರ್ಕಾರಿ ಕಟ್ಟಡದಲ್ಲಿ" ಎಂದಿದ್ದ. ಸುಳ್ಳಲ್ಲ, ಜೈಲೂ ಸರ್ಕಾರದ್ದೇ. ಹನ್ನೆರಡು ವರ್ಷದಿಂದ ಆ ಗುಟ್ಟು ಅವನ ಹೊಟ್ಟೆಯಲ್ಲೇ ಇತ್ತು.

ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದದ್ದು ಮಾತ್ರ ದರ್ಜಿಯ ತಲೆಯಲ್ಲಿ ನಿಲ್ಲುತ್ತಿತ್ತು. ಮೇಜಿನ ಮೇಲೆ ಪಾದ್ರಿಗಳ ಹೊಸ ಕರಿ ಕೋಟಿತ್ತು, ಒಂದು ಗುಂಡಿಯಷ್ಟೇ ಬಾಕಿ. ಅದನ್ನೇ ಮಗುಚಿ, ಒಳಪದರದ ಮೇಲೆ ಹೆಸರುಗಳನ್ನು ಬರೆಯುತ್ತಾ ಗಟ್ಟಿಯಾಗಿ ಓದತೊಡಗಿದ. ಜೆರುಬ್ಬಾಬೆಲನ ಹತ್ತಿರ ನಾಲಿಗೆ ಮೂರು ಸಲ ಎಡವಿತು.

ಬರೆಯುತ್ತಾ ಬರೆಯುತ್ತಾ ಕೈ ನಿಧಾನವಾಯಿತು. ಪಟ್ಟಿಯಲ್ಲಿ ಎಂಥೆಂಥವರು! ಅಣ್ಣನಿಗೇ ಟೋಪಿ ಹಾಕಿದ ಯಾಕೋಬ. ಮೈ ಮಾರಿ ಬದುಕಿದ್ದ ರಾಹಾಬ. ಪರದೇಶದ ವಿಧವೆ ರೂತ್. ಪರರ ಹೆಂಡತಿಯನ್ನು ಕಸಿದ ದಾವೀದ ಅರಸ. ಇಂಥವರಲ್ಲಿ ಒಬ್ಬರನ್ನೂ ದೇವರು ಕತ್ತರಿಸಿ ಬಿಸಾಡಿಲ್ಲ, ಚಿಂದಿಗಳನ್ನೆಲ್ಲ ಸೇರಿಸಿಯೇ ಮಗ ಯೇಸುವಿಗೆ ಮನೆತನ ಹೊಲಿದಿದ್ದಾನೆ. ಇಂಥ ಕೈಕೆಲಸ ತಾನು ಜನ್ಮದಲ್ಲಿ ಕಂಡಿಲ್ಲವೆಂದು ದರ್ಜಿಗೆ ಕಣ್ಣು ತುಂಬಿತು. ಅದೇ ಭರದಲ್ಲಿ ಕೊನೆಗೆ ಇನ್ನೊಂದು ಸಾಲು ಸೇರಿಸಿದ: 'ಜೈಲಿನಲ್ಲಿದ್ದ ನನ್ನ ಅಜ್ಜ, ನನ್ನ ಅಪ್ಪ, ನಾನು.'

ಆಮೇಲೆ ಅಳಿಸಿದರಾಯಿತೆಂದು ಕೋಟನ್ನು ಸರಿಯಾಗಿ ಮಗುಚಿಟ್ಟು ಸ್ನಾನಕ್ಕೆ ಹೋದ. ಮುಗಿಸಿ ಬಂದರೆ ಮೇಜು ಖಾಲಿ.

"ಕೋಟೆಲ್ಲೇ?"

"ಗುಂಡಿ ನಾನೇ ಹಾಕಿ ಪಾದ್ರಿಗಳಿಗೆ ಕೊಟ್ಟು ಬಂದೆ," ಎಂದಳು ಹೆಂಡತಿ ಹೆಮ್ಮೆಯಿಂದ.

"ಒಳಗೆ ನೋಡಿದ್ಯಾ?"

"ಕೋಟಿನ ಒಳಗೆ ಯಾರು ನೋಡ್ತಾರೆ ರೀ?"

ಚರ್ಚಿನಲ್ಲಿ ವಿಪರೀತ ಸೆಕೆ. ಪಾದ್ರಿಗಳ ಹಣೆಯ ಮೇಲೆ ಬೆವರು ಕಂಡು ದರ್ಜಿಗೂ ಬೆವರಿಳಿಯಿತು. ಆದರೂ ಎದ್ದು ನಿಂತು ಓದಿದ, ಒಂದು ಹೆಸರೂ ತಪ್ಪಲಿಲ್ಲ. ಯಾರೂ ಮಾತಾಡಿಸದ ಹೆಂಗಸೊಬ್ಬಳು ಕೊನೆಯ ಬೆಂಚಿನಲ್ಲಿ ರಾಹಾಬಳ ಹೆಸರಿಗೆ ತಲೆಯೆತ್ತಿದಳು. ಅಷ್ಟರಲ್ಲಿ ಪಾದ್ರಿಗಳು ಕೋಟು ಬಿಚ್ಚಿ, ಬೆವರು ಆರಲೆಂದು ಮಗುಚಿ, ಕುರ್ಚಿಯ ಬೆನ್ನಿಗೆ ನೇತುಹಾಕಿದರು. ಮಾವನವರ ಕಣ್ಣೆದುರಿಗೇ. ಮಾವನವರು ಕನ್ನಡಕ ಹಾಕಿಕೊಂಡರು.

ಆರಾಧನೆ ಮುಗಿದ ಮೇಲೆ ಅವರು ಕರೆದರು. "ಅಳಿಯಂದಿರೇ, ಸ್ವಲ್ಪ ಈ ಕಡೆ ಬನ್ನಿ."

"ತಪ್ಪಾಯ್ತು ಮಾವ."

"ಯಾವ ಜೈಲು?"

ದರ್ಜಿ ನೆಲ ನೋಡುತ್ತಾ ಹೇಳಿದ. ಮಾವನವರು ಆಚೀಚೆ ನೋಡಿ ದನಿ ತಗ್ಗಿಸಿದರು. "ನಮ್ಮಜ್ಜನೂ ಅಲ್ಲೇ ಇದ್ದದ್ದು. ಕುದುರೆ ಕದ್ದಿದ್ದರು. ನಿಮ್ಮತ್ತೆಗೂ ಹೇಳಿಲ್ಲ ಕಣ್ರೀ."

ದರ್ಜಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಪಾದ್ರಿಗಳು ಕೋಟು ಹಿಡಿದು ಬಂದೇಬಿಟ್ಟರು. "ಎಂಥಾ ಭಕ್ತಿಯಪ್ಪಾ ನಿನ್ನದು! ಆ ಕೊನೇ ಸಾಲು ನಾನು ಅಳಿಸಲ್ಲ, ಇಡೀ ಪಟ್ಟಿಯ ಅರ್ಥ ಅದರಲ್ಲಿದೆ. ಹಳೆಯ ಒಡಂಬಡಿಕೆಯಲ್ಲಿ ಒಂಬತ್ತು ಅಧ್ಯಾಯ ಇಂಥವೇ ಹೆಸರುಗಳಿವೆ. ಒಂಬತ್ತು ಭಾನುವಾರ ನೀನೇ ಓದಬೇಕು."

ಕಾಪಾಡಿ ಎನ್ನುವಂತೆ ದರ್ಜಿ ಮಾವನತ್ತ ನೋಡಿದ.

"ಖಂಡಿತ ಓದ್ತಾರೆ," ಎಂದರು ಮಾವನವರು ಅವನ ಹೆಗಲ ಮೇಲೆ ಕೈಯಿಟ್ಟು. "ನಾನೇ ನಾಳೆಯಿಂದ ಅವರ ಮನೆಯಲ್ಲಿದ್ದು ದಿನಾ ಓದಿಸ್ತೀನಿ. ಇನ್ನು ನಮ್ಮಿಬ್ಬರ ನಡುವೆ ಮುಚ್ಚುಮರೆ ಏನಿದೆ?"